ಗಾಣ ತಂದೆವು, ಶೇಂಗಾಕ್ಕೆ ರೊಕ್ಕ ಇರಲಿಲ್ಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ, ಸ್ವಂತ ಉದ್ಯೋಗ ಹೂಡಬಯಸುವ ತರುಣ ತರುಣಿಯರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

 

ಕಾಯಕದ ಬಗ್ಗೆ ಮಾತಾಡಿ ಎಂದು ಪೂಜ್ಯರು ಅಪ್ಪಣೆ ಕೊಟ್ಟಾಗ ನಾನು ಹಿಂಜರಿದೆ. ಕಾಯಕದ ತತ್ವವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಬಹಳ ಜನ ಇದ್ದಾರೆ. ನಾನು ಮೂವತ್ತು ವರ್ಷ ಸರ್ಕಾರಿ ಎಂಜಿನಿಯರ್ ಆಗಿ ಅಂದಾಜುಪಟ್ಟಿ ಬರೆದವನು. ಆದ್ದರಿಂದ ಕಾಯಕದ ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ ಎಂದು ಕೇಳಿಕೊಂಡೆ. ಪೂಜ್ಯರು ನಕ್ಕು, "ಅದನ್ನೇ ಯಾರೂ ಹೇಳೋದಿಲ್ಲ, ಹೇಳ್ರಿ" ಎಂದರು.

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನಾನು ಬರೆದ ಒಂದು ಲೆಕ್ಕದಿಂದ ನನ್ನ ತಮ್ಮನ ಮನೆ ಮುಳುಗುವುದರಲ್ಲಿತ್ತು.

ನಾನು ನಿವೃತ್ತನಾದದ್ದು 2019ರಲ್ಲಿ. ಮರುವರ್ಷ ತಮ್ಮನ ಮಗ ಬಂದು, "ದೊಡ್ಡಪ್ಪ, ಊರಲ್ಲೇ ಕಟ್ಟಿಗೆ ಗಾಣ ಹಾಕ್ತೀನಿ, ಶೇಂಗಾ ಎಣ್ಣೆ ತೆಗೀತೀನಿ" ಅಂದ. ನಮ್ಮದು ಗದಗ ಜಿಲ್ಲೆ, ಶೇಂಗಾ ಬೆಳೆಯುವ ಸೀಮೆ. ಹುಡುಗ ಡಿಪ್ಲೊಮಾ ಓದಿದವನು, ದುಡಿಯುವವನು. ಬೆಂಗಳೂರಿಗೆ ಓಡುವುದು ಬಿಟ್ಟು ಊರಲ್ಲಿ ಕಾಯಕ ಮಾಡುತ್ತೇನೆ ಅಂದದ್ದು ನನಗೆ ಹೆಮ್ಮೆ ಎನಿಸಿತು. ಶರಣರಲ್ಲಿ ಗಾಣದ ಕಣ್ಣಪ್ಪನಂಥವರು ಇದ್ದರಲ್ಲ, ಇದೂ ಒಂದು ಪುಣ್ಯದ ಕಾಯಕವೇ ಎಂದೆ. ಅಂದಾಜುಪಟ್ಟಿ ನಾನೇ ಬರೆದುಕೊಡುತ್ತೇನೆ ಎಂದೂ ಹೇಳಿದೆ.

ಬರೆದೆ. ಮೋಟಾರು ಸಮೇತ ಗಾಣಕ್ಕೆ 1,80,000 ರೂಪಾಯಿ. ಎಣ್ಣೆ ತಿಳಿಯಾಗಿಸುವ ಸ್ಟೀಲ್ ಪಾತ್ರೆ, ತೂಕದ ಯಂತ್ರ, ಬಾಟಲಿ ಮುಚ್ಚುವ ಯಂತ್ರಕ್ಕೆ 45,000. ಹದಿನೈದು ಅಡಿ ಅಗಲ, ಇಪ್ಪತ್ತನಾಲ್ಕು ಅಡಿ ಉದ್ದದ ತಗಡಿನ ಶೆಡ್ಡಿಗೆ 2,20,000. ತ್ರೀ ಫೇಸ್ ವಿದ್ಯುತ್ ಸಂಪರ್ಕ, ವೈರಿಂಗ್ 40,000. ಕೂಡಿದರೆ 4,85,000. ಅನಿರೀಕ್ಷಿತ ವೆಚ್ಚಕ್ಕೆಂದು, ಇಲಾಖೆಯ ಅಭ್ಯಾಸದಂತೆ, ಶೇಕಡಾ 3 ಸೇರಿಸಿದೆ. ಐದು ಲಕ್ಷಕ್ಕೆ ಬಂದು ನಿಂತಿತು. ಒಂದು ಲಕ್ಷ ಸ್ವಂತದ್ದು, ನಾಲ್ಕು ಲಕ್ಷ ಬ್ಯಾಂಕ್ ಸಾಲ. ಬಡ್ಡಿ ಶೇಕಡಾ 11, ಐದು ವರ್ಷ, ತಿಂಗಳ ಕಂತು ಸುಮಾರು 8,700. ಪಟ್ಟಿ ನೋಡಿದವರೆಲ್ಲ "ಎಂಜಿನಿಯರ್ ಲೆಕ್ಕ ಅಂದ್ರ ಲೆಕ್ಕ" ಅಂದರು. ನಾನೂ ಹಾಗೇ ತಿಳಿದಿದ್ದೆ.

2021ರಲ್ಲಿ ಕೆಲಸ ಶುರುವಾಯಿತು. ಶೆಡ್ಡು ಎದ್ದ ಮೇಲೆ ಯಾರೋ ಬಂದು ಬಾಗಿಲು ವಾಸ್ತುವಿಗೆ ಸರಿಯಿಲ್ಲ ಅಂದರು. ಬಾಗಿಲು ಒಡೆದು ಇನ್ನೊಂದು ಕಡೆ ಇಟ್ಟರು, 18,000 ಹೋಯಿತು. ಆಮೇಲೆ ಆಷಾಢ ಬಂತು, ಮುಹೂರ್ತ ಇಲ್ಲ ಅಂತ ಒಂದೂವರೆ ತಿಂಗಳು ಯಂತ್ರಕ್ಕೆ ಬಟ್ಟೆ ಹೊದಿಸಿ ಇಟ್ಟರು. ಬ್ಯಾಂಕಿನ ಬಡ್ಡಿಗೆ ಆಷಾಢ ಇರಲಿಲ್ಲ, ಅದು ಓಡುತ್ತಲೇ ಇತ್ತು. ಉದ್ಘಾಟನೆಗೆ ಪೆಂಡಾಲು, ಊಟ, ಶಾಲು, ಬ್ಯಾನರು ಸೇರಿ 62,000. ಗುರುಬಸವಣ್ಣನ ಭಾವಚಿತ್ರದ ಕೆಳಗೆ ಕೂತು ನಾವು ಮಾಡಿದ ಕೆಲಸ ಇದು. ನಾನೂ ಅಲ್ಲಿ ಶಾಲು ಹೊದ್ದುಕೊಂಡು ಕೂತಿದ್ದೆ, ಬೇಡ ಎನ್ನಲಿಲ್ಲ.

ಉದ್ಘಾಟನೆಯ ಮರುದಿನ ಮುಂಜಾನೆ ಹುಡುಗ ಫೋನು ಮಾಡಿದ. "ದೊಡ್ಡಪ್ಪ, ಶೇಂಗಾ ತರಬೇಕು. ರೊಕ್ಕ ಎಲ್ಲಿಂದ ತರೋದು?"

ಬಂಧುಗಳೆ, ನನ್ನ ಪಟ್ಟಿಯಲ್ಲಿ ಶೇಂಗಾ ಇರಲೇ ಇಲ್ಲ. ಎಣ್ಣೆಯ ಗಾಣಕ್ಕೆ ಅಂದಾಜು ಬರೆದ ನಾನು ಶೇಂಗಾ ಬರೆದಿರಲಿಲ್ಲ.

ಇದು ಹೇಗಾಯಿತು ಎಂದು ಆಮೇಲೆ ಬಹಳ ಯೋಚಿಸಿದೆ. ಕಾರಣ ನನ್ನ ನೌಕರಿಯಲ್ಲೇ ಇತ್ತು. ಹಳ್ಳಿಗಳಿಗೆ ಕುಡಿಯುವ ನೀರಿನ ಟ್ಯಾಂಕು ಕಟ್ಟುವ ಅಂದಾಜು ನಾವು ಬರೆಯುತ್ತಿದ್ದೆವು. ಬೋರ್‌ವೆಲ್, ಪಂಪು, ಪೈಪು, ಟ್ಯಾಂಕು, ಎಲ್ಲದಕ್ಕೂ ದರಪಟ್ಟಿ ಇತ್ತು. ಕಟ್ಟಿ ಮುಗಿಸಿ, ಬಣ್ಣ ಹಚ್ಚಿ, ಹಸ್ತಾಂತರ ಮಾಡಿ ಬರುತ್ತಿದ್ದೆವು. ಎರಡು ವರ್ಷ ಬಿಟ್ಟು ಅದೇ ದಾರಿಯಲ್ಲಿ ಹೋದರೆ ಟ್ಯಾಂಕಿನ ಮೇಲೆ ಗಿಡ ಬೆಳೆದಿರುತ್ತಿತ್ತು. ಕರೆಂಟ್ ಬಿಲ್ಲು ಕಟ್ಟುವವರಿಲ್ಲ, ಸುಟ್ಟ ಮೋಟಾರು ಸುತ್ತಿಸಲು ದುಡ್ಡಿಲ್ಲ, ನೀರು ಬಿಡುವವನಿಗೆ ಸಂಬಳವಿಲ್ಲ. ಕಟ್ಟುವ ಖರ್ಚು ನಮ್ಮ ಕಾಗದದಲ್ಲಿ ಪೈಸೆ ಪೈಸೆಗೂ ಇರುತ್ತಿತ್ತು. ನಡೆಸುವ ಖರ್ಚು ಯಾರ ಕಾಗದದಲ್ಲೂ ಇರುತ್ತಿರಲಿಲ್ಲ. ಅದೇ ರೋಗವನ್ನು ನಾನು ತಮ್ಮನ ಮನೆಗೆ ತಂದೆ.

ಹುಡುಗ ಒಂದೂವರೆ ಲಕ್ಷ ಕೈಸಾಲ ತಂದ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅಂದರೆ ತಿಂಗಳಿಗೆ 4,500. ಬ್ಯಾಂಕಿನ ಕಂತು ಸೇರಿದರೆ 13,200. ಒಂದು ತೊಟ್ಟು ಎಣ್ಣೆ ಮಾರುವ ಮೊದಲೇ ಇಷ್ಟು ಕೊಡಬೇಕು. ಮೊದಲ ತಿಂಗಳು 70 ಲೀಟರ್ ಹೋಯಿತು. ಆರು ತಿಂಗಳಾದರೂ ತಿಂಗಳಿಗೆ 200 ಲೀಟರ್ ದಾಟಲಿಲ್ಲ. ಅದರಲ್ಲೂ ಅಂಗಡಿಯವರು, ನೆಂಟರು, "ನಮ್ಮವರೇ" ಎಂದು ಬಂದವರು ಎಲ್ಲ ಉದ್ರಿ. 40,000 ರೂಪಾಯಿ ಹಾಗೇ ಹೊರಗೆ ನಿಂತಿತು. ಹದಿನಾಲ್ಕು ತಿಂಗಳಿಗೆ ಗಾಣ ನಿಂತಿತು. ಹುಡುಗ ಬೆಂಗಳೂರಿಗೆ ಹೋಗಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸಕ್ಕೆ ಸೇರಿದ. ಅವನ ತಾಯಿಯ ಕೈಯಲ್ಲಿ ಬಳೆ ಇಲ್ಲದ್ದನ್ನು ನಾನು ಒಂದು ಮದುವೆಯಲ್ಲಿ ನೋಡಿದೆ. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಬ್ಯಾಂಕಿನ ಕಂತನ್ನು ಅಂದಿನಿಂದ ನನ್ನ ಪಿಂಚಣಿಯಿಂದ ಕಟ್ಟತೊಡಗಿದೆ. ಅದು ಪ್ರಾಯಶ್ಚಿತ್ತ ಮಾತ್ರ. ಗಾಣ ನಿಂತೇ ಇತ್ತು. 2023ರಲ್ಲಿ ಹುಡುಗನ ಹೆಂಡತಿ, ನಮ್ಮ ಸೊಸೆ, ನನ್ನ ಮುಂದೆ ಕೂತು ಹೇಳಿದಳು: "ದೊಡ್ಡಮಾವ, ಯಂತ್ರ ಹಾಗೇ ಐತಿ. ಇನ್ನೊಮ್ಮೆ ಲೆಕ್ಕ ಹಾಕೋಣ. ಈ ಸಲ ನನ್ನನ್ನೂ ಕೂಡಿಸಿಕೊಂಡು ಹಾಕ್ರಿ." ಆ ಮಾತಿಗೆ ನಾನು ಋಣಿ. ಆವತ್ತು ನಾವಿಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ. ಗಾಣದ ಬದಲು ನೀವು ರೊಟ್ಟಿ, ಹಪ್ಪಳ, ಹೊಲಿಗೆ, ಹೈನು ಯಾವುದನ್ನಾದರೂ ಇಟ್ಟುಕೊಳ್ಳಿ. ಅಂಕಿ ಬದಲಾಗುತ್ತದೆ, ದಾರಿ ಒಂದೇ.

ನಾಲ್ಕು ಹಾಳೆ ತೆಗೆದುಕೊಂಡೆವು.

ಮೊದಲ ಹಾಳೆ, ಒಂದೇ ಸಲ ಆಗುವ ಖರ್ಚು. ಯಂತ್ರ, ಶೆಡ್ಡು, ಕರೆಂಟು. ಇದು ನನಗೆ ಬರುತ್ತಿದ್ದ ಹಾಳೆ. ಇದರಲ್ಲಿ ಪರವಾನಗಿಗಳನ್ನೂ ಬರೆಯಬೇಕು. ಆಹಾರ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. 2023ರಲ್ಲಿ ಚಿಕ್ಕ ಘಟಕಗಳ ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ನೀವೇ ಮಾಡಿಕೊಳ್ಳಬಹುದು, ಇದಕ್ಕಾಗಿ ಯಾರಿಗೂ ಸಾವಿರಗಟ್ಟಲೆ ಕೊಡಬೇಡಿ.

ಎರಡನೆಯ ಹಾಳೆ, ಎಣ್ಣೆ ಮಾರಲಿ ಬಿಡಲಿ, ತಿಂಗಳು ತಿಂಗಳು ಆಗುವ ಖರ್ಚು. ಬ್ಯಾಂಕಿನ ಕಂತು 8,700. ಸಹಾಯಕನ ಸಂಬಳ 10,000. ಕರೆಂಟಿನ ನಿಗದಿತ ಶುಲ್ಕ 800. ಫೋನು, ವಿಮೆ 1,000. ಪರವಾನಗಿ, ಲೆಕ್ಕಪತ್ರದ ಪಾಲು 500. ಯಂತ್ರದ ಸವಕಳಿ 3,000. ಸವಕಳಿ ಅಂದರೆ ಈ ಯಂತ್ರ, ಪಾತ್ರೆ ಆರೇಳು ವರ್ಷಕ್ಕೆ ಸವೆದು ಹೋಗುತ್ತವೆ, ಒನಕೆಯಂಥ ಕಟ್ಟಿಗೆಯ ಭಾಗ ಇನ್ನೂ ಬೇಗ ಸವೆಯುತ್ತದೆ. ಅದಕ್ಕೆ ಇಂದಿನಿಂದಲೇ ತೆಗೆದಿಡುವ ಹಣ. ಟ್ಯಾಂಕಿನ ಮೇಲೆ ಗಿಡ ಬೆಳೆಯಬಾರದು ಅಂದರೆ ಈ ಸಾಲು ಬರೆಯಲೇಬೇಕು.

ಇಷ್ಟು ಬರೆದು ನಾನು ಕೂಡಿಸಲು ಹೊರಟೆ. ಸೊಸೆ ಪೆನ್ನು ಹಿಡಿದು ನಿಲ್ಲಿಸಿದಳು. "ನನ್ನ ಕೂಲಿ ಎಲ್ಲಿ?" ಅಂದಳು.

ಹೌದು, ನನ್ನ ಹಳೆಯ ಪಟ್ಟಿಯಲ್ಲಿ ಅದೂ ಇರಲಿಲ್ಲ. ಶೇಂಗಾ ಒಣಗಿಸಿ, ಆರಿಸಿ, ಹಿಂಡಿ ತುಂಬಿ, ಬಾಟಲಿ ತೊಳೆದು, ಚೀಟಿ ಅಂಟಿಸಿದವರು ಅತ್ತೆ ಸೊಸೆ ಇಬ್ಬರು. ಮನೆಯವರಲ್ಲವೇ, ಅವರಿಗೇನು ಕೂಲಿ ಎಂದು ಸೊನ್ನೆಯನ್ನೂ ಬರೆಯದೆ ಬಿಟ್ಟಿದ್ದೆ. ನಾವು ಲಿಂಗಾಯತರು ಸ್ತ್ರೀ ಸಮಾನತೆಯ ಮಾತನ್ನು ಭಾಷಣದಲ್ಲಿ ಮೊದಲು ಹೇಳುತ್ತೇವೆ. ಆದರೆ ನಮ್ಮ ಅಂಗಡಿ, ಹೊಲ, ಗಾಣಗಳ ಲೆಕ್ಕದಲ್ಲಿ ಹೆಣ್ಣುಮಕ್ಕಳ ದುಡಿಮೆಗೆ ಒಂದು ಸಾಲಿಲ್ಲ. ಮನೆಯವರು ಬಿಟ್ಟಿ ದುಡಿದದ್ದರಿಂದ ಉಳಿದದ್ದನ್ನು ನಾವು ಲಾಭ ಎಂದು ಕರೆಯುತ್ತೇವೆ. ಅದು ಲಾಭವಲ್ಲ, ಕೊಡದೆ ಉಳಿಸಿಕೊಂಡ ಕೂಲಿ. ಕಾಯಕ ಸತ್ಯಶುದ್ಧವಾಗಿರಬೇಕು ಅನ್ನುವವರ ಲೆಕ್ಕದಲ್ಲಿ ಇಂಥ ಸುಳ್ಳು ಇರಬಾರದು.

ಅವಳ ಕೂಲಿ ತಿಂಗಳಿಗೆ 12,000 ಎಂದು ಬರೆದೆವು. ಎರಡನೆಯ ಹಾಳೆಯ ಒಟ್ಟು ಮೊತ್ತ 36,000 ಆಯಿತು.

ಮೂರನೆಯ ಹಾಳೆ, ಒಂದು ಲೀಟರ್ ಎಣ್ಣೆಯ ಖರ್ಚು. ಕಟ್ಟಿಗೆ ಗಾಣದಲ್ಲಿ ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಶೇಂಗಾ ಬೀಜ ಬೇಕು. ನಾವು ಕೊಂಡದ್ದು ಕಿಲೋಕ್ಕೆ 110ರಂತೆ, ಅಂದರೆ 275. ಅದರಲ್ಲಿ 1.4 ಕಿಲೋದಷ್ಟು ಹಿಂಡಿ ಸಿಗುತ್ತದೆ. ದನ ಕಟ್ಟಿದವರು ಕಿಲೋಕ್ಕೆ 40ರಂತೆ ಒಯ್ಯುತ್ತಾರೆ, 56 ರೂಪಾಯಿ ವಾಪಸು ಬರುತ್ತದೆ. ಉಳಿದದ್ದು 219. ಬಾಟಲಿ, ಮುಚ್ಚಳ, ಚೀಟಿಗೆ 14. ಕರೆಂಟು 3. ಸಾಗಾಟ 6. ಸೋರಿದ್ದು, ತಳದ ಗಸಿ, ಒಡೆದದ್ದು 3. ಒಟ್ಟು 245 ರೂಪಾಯಿ. ಮನೆಗೆ ನೇರವಾಗಿ ಮಾರಿದರೆ 320 ಬರುತ್ತದೆ, 75 ಉಳಿಯುತ್ತದೆ. ಅಂಗಡಿಗೆ ಕೊಟ್ಟರೆ 290, ಉಳಿಯುವುದು 45. ಅರ್ಧ ಮನೆಗೆ, ಅರ್ಧ ಅಂಗಡಿಗೆ ಎಂದರೆ ಲೀಟರಿಗೆ ಸರಾಸರಿ 60 ರೂಪಾಯಿ.

ಈಗ ಎರಡನೆಯ ಹಾಳೆಯನ್ನೂ ಮೂರನೆಯ ಹಾಳೆಯನ್ನೂ ಪಕ್ಕಪಕ್ಕ ಇಡಿ. ತಿಂಗಳ ಖರ್ಚು 36,000. ಲೀಟರಿಗೆ ಉಳಿಯುವುದು 60. ಭಾಗಿಸಿದರೆ 600. ತಿಂಗಳಿಗೆ 600 ಲೀಟರ್ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗಾಣ ಒಂದು ಸಲಕ್ಕೆ 15 ಕಿಲೋ ಹಿಡಿಯುತ್ತದೆ, ಆರು ಲೀಟರ್ ಕೊಡುತ್ತದೆ. ದಿನಕ್ಕೆ ಆರು ಸಲ, ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ 900 ಲೀಟರ್. ಅದರ ಮೂರರಲ್ಲಿ ಎರಡು ಪಾಲು ಮಾರಿದರೆ ಮಾತ್ರ ನೀವು ನೆಲದ ಮೇಲೆ ನಿಂತಿರಿ. ಅದಕ್ಕಿಂತ ಕಡಿಮೆ ಮಾರಿದ ಪ್ರತಿ ತಿಂಗಳೂ ಕೈಯಿಂದ ಹೋಗುತ್ತದೆ.

600 ಲೀಟರ್ ಅಂದರೆ ಏನು? ಒಂದು ಮನೆ ತಿಂಗಳಿಗೆ ಮೂರು ಲೀಟರ್ ಬಳಸುತ್ತದೆ ಎಂದು ಹಿಡಿಯಿರಿ. ಇನ್ನೂರು ಮನೆ. ಅಂಗಡಿಯಲ್ಲಿ ಕೊಂಡರೂ ಎಣ್ಣೆ ಕೊನೆಗೆ ಸುರಿಯುವುದು ಮನೆಯ ಬಾಣಲೆಗೇ. ಪ್ಯಾಕೆಟ್ ಎಣ್ಣೆ ಬಿಟ್ಟು ಹೆಚ್ಚಿನ ದುಡ್ಡು ಕೊಟ್ಟು ನಿಮ್ಮ ಎಣ್ಣೆಯನ್ನು ತಿಂಗಳು ತಿಂಗಳು ಕೊಳ್ಳುವ ಇನ್ನೂರು ಮನೆ ಎಲ್ಲಿವೆ? ಆ ಪ್ರಶ್ನೆಯನ್ನು 2020ರಲ್ಲಿ ನಾನು ಕೇಳಿದ್ದರೆ ಶೆಡ್ಡಿನ ಪಾಯಕ್ಕೆ ಗುದ್ದಲಿ ಹಾಕುವ ಮೊದಲು ಹುಡುಗನನ್ನು ಒಂದು ತಿಂಗಳು ಮನೆ ಮನೆ ತಿರುಗಿಸುತ್ತಿದ್ದೆ. ಬೇರೆಯವರ ಗಾಣದಲ್ಲಿ ಕೂಲಿ ಕೊಟ್ಟು ಎಣ್ಣೆ ತೆಗೆಸಿ, ಐವತ್ತು ಮನೆಗೆ ಮಾರಿ ನೋಡು ಎನ್ನುತ್ತಿದ್ದೆ. ಅದಕ್ಕೆ ಐದು ಲಕ್ಷ ಬೇಕಾಗಿರಲಿಲ್ಲ.

ಇದೇ ಹಾಳೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಶೇಂಗಾ ಬೀಜ ಕಿಲೋಕ್ಕೆ ಹತ್ತು ರೂಪಾಯಿ ಏರಿತು ಎನ್ನಿ. ಹತ್ತೇ ಅಲ್ಲವೇ ಎಂದು ನಾವು ದರ ಏರಿಸದೆ ಸುಮ್ಮನಿದ್ದೆವು. ಲೀಟರಿಗೆ ಖರ್ಚು 25 ರೂಪಾಯಿ ಹೆಚ್ಚಾಯಿತು. ಉಳಿಯುತ್ತಿದ್ದ 60 ಈಗ 35 ಆಯಿತು. 36,000ವನ್ನು 35ರಿಂದ ಭಾಗಿಸಿ, ಸಾವಿರ ಲೀಟರ್ ದಾಟುತ್ತದೆ. ನಮ್ಮ ಗಾಣದ ತಾಕತ್ತೇ 900. ಅಂದರೆ ಹಗಲೆಲ್ಲ ಗಾಣ ತಿರುಗಿಸಿ, ತೆಗೆದ ಎಣ್ಣೆಯನ್ನೆಲ್ಲ ಮಾರಿದರೂ ನಷ್ಟವೇ. ಗಿರಾಕಿ ತುಂಬಿದ ಎಷ್ಟೋ ಅಂಗಡಿ ಮುಚ್ಚುವುದು ಹೀಗೆಯೇ. ಆದ್ದರಿಂದ ಪ್ರತಿ ಸಲ ಹೊಸ ಚೀಲ ಕೊಂಡಾಗ ಮೂರನೆಯ ಹಾಳೆಯನ್ನು ಮತ್ತೆ ಬರೆಯಬೇಕು. ದರ ಏರಿಸಬೇಕಾದಾಗ ಏರಿಸಬೇಕು, ಇಳಿದಾಗ ಇಳಿಸಬೇಕು. ನಮ್ಮ ಸೊಸೆ ಬೀಜದ ದರವನ್ನೂ ಎಣ್ಣೆಯ ದರವನ್ನೂ ಒಂದೇ ಹಲಗೆಯ ಮೇಲೆ ಬರೆದು ಬಾಗಿಲಲ್ಲಿ ತೂಗುಹಾಕಿದ್ದಾಳೆ. ಜನ ಜಗಳ ಮಾಡುವುದಿಲ್ಲ. ಲೆಕ್ಕ ಬಚ್ಚಿಟ್ಟಾಗ ಮಾತ್ರ ಜನಕ್ಕೆ ಸಂಶಯ ಬರುತ್ತದೆ.

ನಾಲ್ಕನೆಯ ಹಾಳೆ, ನಾನು ಪೂರ್ತಿ ಮರೆತಿದ್ದ ಹಾಳೆ. ದುಡ್ಡು ಹೊರಗೆ ಹೋಗಿ ತಿರುಗಿ ಮನೆಗೆ ಬರುವವರೆಗೆ ನಿಲ್ಲುವ ಶಕ್ತಿ ಎಷ್ಟು ಬೇಕು?

ಶೇಂಗಾವನ್ನು ಇಂದು ನಗದು ಕೊಟ್ಟು ತರುತ್ತೀರಿ. ಒಣಗಿಸಿ, ಗಾಣಕ್ಕೆ ಹಾಕಿ, ಎಣ್ಣೆ ತಿಳಿಯಾಗಲು ಬಿಟ್ಟು, ತುಂಬಿ ಅಂಗಡಿಗೆ ಮುಟ್ಟಿಸುವಷ್ಟರಲ್ಲಿ ಎರಡು ವಾರ. ಅಂಗಡಿಯವರು ಕೊಡುವುದು ತಿಂಗಳು ಒಂದೂವರೆ ತಿಂಗಳಿಗೆ. ಇಂದು ಹೋದ ರೂಪಾಯಿ ಎರಡು ತಿಂಗಳಿಗೆ ಬರುತ್ತದೆ. ತಿಂಗಳಿಗೆ 300 ಲೀಟರಿನಿಂದ ಶುರು ಮಾಡಿದರೂ 750 ಕಿಲೋ ಬೀಜ, 82,500 ರೂಪಾಯಿ. ಎರಡು ತಿಂಗಳಿಗೆ 1,65,000. ಇದು ಶೇಂಗಾದ ಹಣ.

ಇದರ ಮೇಲೆ, ಮೊದಲ ದಿನವೇ 600 ಲೀಟರ್ ಹೋಗುವುದಿಲ್ಲ. ನಾವು ಬರೆದದ್ದು ಮೊದಲ ತಿಂಗಳು 100, ಆಮೇಲೆ 180, 260, 340, 420, ಆರನೆಯ ತಿಂಗಳು 500. ಆರು ತಿಂಗಳಿಗೆ 1,800 ಲೀಟರ್. ಲೀಟರಿಗೆ 60ರಂತೆ 1,08,000 ಬಂತು. ಆರು ತಿಂಗಳ ಖರ್ಚು 2,16,000. ಕೊರತೆ 1,08,000. ಈ ಕೊರತೆ ಸೋಲಲ್ಲ, ಹುಟ್ಟಿದ ಕೂಸು ನಡೆಯುವವರೆಗೆ ಎತ್ತಿಕೊಳ್ಳುವ ಖರ್ಚು. ಆದರೆ ಅದನ್ನು ಮೊದಲೇ ಕೈಯಲ್ಲಿ ಇಟ್ಟುಕೊಂಡಿರಬೇಕು.

ಕೂಡಿಸಿ ನೋಡಿ. ಮೊದಲ ಹಾಳೆಯ 5,00,000, ಶೇಂಗಾದ 1,65,000, ಕೊರತೆಯ 1,08,000. ಒಟ್ಟು 7,73,000. ನಾನು ಐದು ಲಕ್ಷ ಎಂದಿದ್ದೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ನನ್ನ ಲೆಕ್ಕದಲ್ಲಿ ಕಾಣೆಯಾಗಿತ್ತು. ಅನಿರೀಕ್ಷಿತಕ್ಕೆಂದು ಇಟ್ಟ ಆ ಶೇಕಡಾ 3 ಯಾವ ಮೂಲೆಗೂ ಸಾಲುವಂತಿರಲಿಲ್ಲ. ಅಷ್ಟಕ್ಕೂ ಇದರಲ್ಲಿ ಯಾವುದೂ ಅನಿರೀಕ್ಷಿತವಲ್ಲ, ಬರೆಯದೆ ಬಿಟ್ಟದ್ದು ಅಷ್ಟೇ.

"ಅಷ್ಟು ರೊಕ್ಕ ನಮ್ಮ ಹತ್ತಿರ ಎಲ್ಲಿದೆ ಸಾರ್?" ಎಂದು ನೀವು ಕೇಳುತ್ತೀರಿ. ಆಗ ಕಡಿತ ಮಾಡಬೇಕಾದದ್ದು ಮೊದಲ ಹಾಳೆಯಲ್ಲಿ. ನಮ್ಮ ತಮ್ಮನ ಮನೆಯಲ್ಲಿ ಹಳೆಯ ದನದ ಕೊಟ್ಟಿಗೆ ಖಾಲಿ ಇತ್ತು. 50,000ದಲ್ಲಿ ನೆಲ, ಗೋಡೆ ಸ್ವಚ್ಛ ಮಾಡಿದ್ದರೆ ಶೆಡ್ಡಿನ 2,20,000ದಲ್ಲಿ 1,70,000 ಉಳಿಯುತ್ತಿತ್ತು. ಅದೇ ಶೇಂಗಾದ ಹಣವಾಗುತ್ತಿತ್ತು. ಗೋಡೆಗೆ ಹಾಕಿದ ದುಡ್ಡು ಮತ್ತೆ ಕೈಗೆ ಬರುವುದಿಲ್ಲ. ಶೇಂಗಾಕ್ಕೆ ಹಾಕಿದ ದುಡ್ಡು ಎರಡು ತಿಂಗಳಿಗೊಮ್ಮೆ ಮನೆಗೆ ಬಂದು ಹೋಗುತ್ತದೆ.

ಬ್ಯಾಂಕಿಗೆ ಹೋದಾಗ ಎರಡು ಸಾಲ ಬೇರೆ ಬೇರೆ ಕೇಳಿ. ಯಂತ್ರಕ್ಕೆ ಅವಧಿ ಸಾಲ, ಕಚ್ಚಾಮಾಲಿಗೆ ದುಡಿಯುವ ಬಂಡವಾಳದ ಸಾಲ. ಮುದ್ರಾ ಯೋಜನೆಯಲ್ಲಿ ಎರಡಕ್ಕೂ ಅವಕಾಶ ಇದೆ. ನಾವು ಮೊದಲನೆಯದನ್ನು ಮಾತ್ರ ಕೇಳಿ ಬಂದೆವು, ಎರಡನೆಯದಕ್ಕೆ ನೂರಕ್ಕೆ ಮೂರರ ಮನೆ ಹೊಕ್ಕೆವು.

ಸಹಾಯಧನದ ಬಗ್ಗೆ ಒಂದು ಎಚ್ಚರಿಕೆ. ಕಿರು ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಪಿಎಂಎಫ್‌ಎಂಇ ಎಂಬ ಯೋಜನೆ ತಂದಿತು. ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇತ್ತು. ನಮ್ಮ ರಾಜ್ಯ ಅದಕ್ಕೆ ಶೇಕಡಾ 15 ಸೇರಿಸಿತು. ಒಳ್ಳೆಯ ಯೋಜನೆ. ಆದರೆ ಆ ಹಣ ಉದ್ಯಮಿಯ ಕೈಗೆ ಬರುತ್ತಿರಲಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಮೂರು ವರ್ಷ ಇರುತ್ತಿತ್ತು, ಕಂತು ತಪ್ಪದೆ ಕಟ್ಟಿ ಘಟಕ ನಡೆಸುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತಿತ್ತು. ಇಂಥ ಸಹಾಯಧನವನ್ನು ನಂಬಿ ನಾಳೆ ಶೇಂಗಾ ತರಲು ಬರುವುದಿಲ್ಲ. ನಡೆಸಬಲ್ಲವರಿಗೆ ಅದು ನೆರವು. ನಡೆಸುವ ಲೆಕ್ಕ ಇಲ್ಲದವರಿಗೆ ಅದು ಹಗ್ಗ.

ಈಗ ತತ್ವದ ಮಾತು ಎರಡು ಹೇಳಿ ಮುಗಿಸುತ್ತೇನೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ತಿರುಗಿ ಸುರಿದು ಬಾ ಎಂದಳು. ನಾವು ಈ ಕಥೆಯಲ್ಲಿ ನಿರಾಸೆಯನ್ನು, ವೈರಾಗ್ಯವನ್ನು ನೋಡುತ್ತೇವೆ. ಅದು ಸರಿಯೇ. ಆದರೆ ಲೆಕ್ಕದವನಾದ ನನಗೆ ಇನ್ನೊಂದೂ ಕಾಣುತ್ತದೆ. ತನ್ನ ಮನೆಗೆ, ಬರುವ ಜಂಗಮರಿಗೆ ದಿನಕ್ಕೆ ಎಷ್ಟು ಅಕ್ಕಿ ಬೇಕು ಎಂಬುದು ಆ ತಾಯಿಗೆ ಹಿಡಿಯಳತೆಯಲ್ಲಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಹೆಚ್ಚು ಎಂದು ಹೇಳುವುದು ಹೇಗೆ? ಎಷ್ಟು ಸಾಕು ಎಂದು ತಿಳಿಯದವರಿಗೆ ಎಷ್ಟು ಹೆಚ್ಚು ಎಂದೂ ತಿಳಿಯುವುದಿಲ್ಲ, ಎಷ್ಟು ಕಡಿಮೆ ಎಂದೂ ತಿಳಿಯುವುದಿಲ್ಲ. ಬಸವಣ್ಣನವರಾದರೂ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಲೆಕ್ಕ ಬರೆಯುವುದು ವ್ಯಾಪಾರಿ ಬುದ್ಧಿ, ಭಕ್ತರಿಗೆ ತಕ್ಕದ್ದಲ್ಲ ಎಂಬ ಮಾತು ನಮ್ಮ ಪರಂಪರೆಯದ್ದಲ್ಲ.

ಇನ್ನು ದಾಸೋಹ. ಉದ್ಘಾಟನೆಯ ದಿನ ನಾವು ಊರಿಗೆ ಊಟ ಹಾಕಿ ದಾಸೋಹ ಎಂದೆವು. ಅದು ಸಾಲದ ಊಟ. ಕೂಲಿ ಕೊಟ್ಟು, ಸಾಲದ ಕಂತು ಕಟ್ಟಿ, ಸವಕಳಿ ತೆಗೆದಿಟ್ಟು ಆಮೇಲೆ ಉಳಿದದ್ದರಲ್ಲಿ ಸಮಾಜಕ್ಕೆ ಕೊಡುವುದು ದಾಸೋಹ. ಶೇಂಗಾದ ಹಣದಲ್ಲಿ ಹಾಕಿದ ಊಟ ಇನ್ನೊಬ್ಬರ ಮನೆಯ ಬಳೆಯನ್ನು ಬಡಿಸಿದಂತೆ. ನಾನು ಉಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಎರಡನೆಯ ಸಲ ಏನಾಯಿತು ಎಂದು ನೀವು ಕೇಳುವ ಹಕ್ಕಿದೆ. 2023ರಲ್ಲಿ ಯಂತ್ರ, ಶೆಡ್ಡು ಇದ್ದವು. ಬೇಕಾದದ್ದು 2,73,000. ಅರ್ಧ ನಾನು ಕೊಟ್ಟೆ, ಅರ್ಧ ಸೊಸೆಯ ತವರಿನವರು ಬಡ್ಡಿ ಇಲ್ಲದೆ ಕೊಟ್ಟರು. ಮುಹೂರ್ತ ನೋಡಲಿಲ್ಲ. ಒಂದು ಸೋಮವಾರ ಇಷ್ಟಲಿಂಗ ಪೂಜೆ ಮಾಡಿ, ಮಂಡಕ್ಕಿ ಚಹಾ ಕೊಟ್ಟು ಗುಂಡಿ ಒತ್ತಿದಳು. ಖರ್ಚು 900 ರೂಪಾಯಿ.

ಲೆಕ್ಕದಂತೆ ಎಲ್ಲ ನಡೆಯಿತು ಎಂದು ಸುಳ್ಳು ಹೇಳುವುದಿಲ್ಲ. ಆರು ತಿಂಗಳಿಗೆ 1,800 ಲೀಟರ್ ಎಂದು ಬರೆದದ್ದು 1,500 ಆಯಿತು. 600 ಮುಟ್ಟಿದ್ದು ಹನ್ನೊಂದನೆಯ ತಿಂಗಳಿಗೆ. ಕೊರತೆಯ ಹಣ ಮುಗಿದಾಗ ಅವಳು ತನ್ನ ಕೂಲಿ ಬಿಟ್ಟಳು. ಆದರೆ ಈ ಸಲ ನಾವು ಅದನ್ನು ಬರೆದಿಟ್ಟೆವು, "ಸೊಸೆಯ ಕೂಲಿ ಬಾಕಿ" ಎಂದು. ಒಟ್ಟು ಮೂರು ತಿಂಗಳದ್ದು, 36,000. ಅಂಗಡಿಯವರ ಉದ್ರಿಗೂ ಮಿತಿ ಹಾಕಿದಳು. ಹಿಂದಿನದು ತೀರಿಸದೆ ಮುಂದಿನ ಪೆಟ್ಟಿಗೆ ಇಲ್ಲ, ನೆಂಟರಿಗೂ ಇಲ್ಲ, ನನಗೂ ಇಲ್ಲ. ನಾನು ಎಣ್ಣೆ ಕೊಂಡಾಗ ಎಣಿಸಿ ಕೊಡುತ್ತೇನೆ. ಎರಡನೆಯ ವರ್ಷ ಅವಳ ಬಾಕಿ ತೀರಿತು. ಆ ದಿನ ಅವಳು ಮೂವತ್ತಾರು ಸಾವಿರವನ್ನು ಅತ್ತೆಯ ಕೈಗೆ ಕೊಟ್ಟು, "ಬಳೆ ಬಿಡಿಸಿಕೊಂಡು ಬರ್ರಿ" ಅಂದಳು. ಪೂರ್ತಿ ಸಾಲಲಿಲ್ಲ, ಎರಡು ಬಳೆ ಬಂದವು.

ಹುಡುಗ ಕಳೆದ ದೀಪಾವಳಿಗೆ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಈಗ ಸಹಾಯಕನ ಜಾಗದಲ್ಲಿ ಅವನೇ ಇದ್ದಾನೆ, ಸಂಬಳ ಹತ್ತು ಸಾವಿರ. ಹೆಂಡತಿಗೆ ಹನ್ನೆರಡು, ಅವನಿಗೆ ಹತ್ತು. ಊರವರು ನಗುತ್ತಾರೆ. ಅವನಿಗೇನೂ ಬೇಸರವಿಲ್ಲ. ಬ್ಯಾಂಕಿನ ಕಂತು ಇನ್ನು ಕೆಲವೇ ಉಳಿದಿವೆ.

ತರುಣರೆ, ಕಾಯಕಕ್ಕೆ ಇಳಿಯಿರಿ, ಹೆದರಬೇಡಿ. ಆದರೆ ಪಾಯ ತೋಡುವ ಮೊದಲು ನಾಲ್ಕು ಹಾಳೆ ಬರೆಯಿರಿ. ಎರಡನೆಯ ಹಾಳೆಯಲ್ಲಿ ನಿಮ್ಮ ತಾಯಿಯ, ಹೆಂಡತಿಯ ಕೂಲಿ ಬರೆಯಿರಿ. ನಾಲ್ಕನೆಯ ಹಾಳೆ ತುಂಬುವವರೆಗೆ ಮೊದಲ ಹಾಳೆಯ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಬರೆಯಲು ಬಾರದಿದ್ದರೆ, ಪ್ರತಿ ತಿಂಗಳ ಗೋಷ್ಠಿ ಮುಗಿದ ಮೇಲೆ ನಾನು ಇದೇ ಪ್ರಸಾದ ನಿಲಯದ ಕಟ್ಟೆಯ ಮೇಲೆ ಒಂದು ತಾಸು ಕೂತಿರುತ್ತೇನೆ. ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಬರುವಾಗ ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಬನ್ನಿ. ಅವರಿಲ್ಲದೆ ನಾನು ಇನ್ನು ಮುಂದೆ ಯಾರ ಅಂದಾಜುಪಟ್ಟಿಯನ್ನೂ ಬರೆಯುವುದಿಲ್ಲ.